ಅವ್ವನ ಪಾಲಿನ ಲೆಕ್ಕ

ನಾನು ಬಿ.ಎ., ಬಿ.ಎಡ್. ಮಾಡಿದವಳು. ನನ್ನ ವಿಷಯ ಇತಿಹಾಸ ಮತ್ತು ಕನ್ನಡ. ಗಣಿತಕ್ಕೂ ನನಗೂ ಮೆಟ್ರಿಕ್ಕಿನ ನಂತರ ಋಣ ಹರಿದಿತ್ತು. ಆದರೆ 1997ರಲ್ಲಿ ಹುನಗುಂದದಲ್ಲಿ ನಾನಿದ್ದ ಶಾಲೆಯ ಗಣಿತದ ಮಾಸ್ತರರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ‘ನೀವೇ ಒಂದೆರಡು ತಿಂಗಳು ಸುಧಾರಿಸಿರಿ’ ಎಂದು ಹಿರಿಯರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಒಂದೆರಡು ತಿಂಗಳು ಒಂದೂವರೆ ವರ್ಷವಾಯಿತು. ರಾತ್ರಿ ಮಗನನ್ನು ಮಲಗಿಸಿ, ಮರುದಿನದ ಲೆಕ್ಕಗಳನ್ನು ನಾನು ಮೊದಲು ಬಿಡಿಸಿ ನೋಡಿಕೊಂಡು ಹೋಗುತ್ತಿದ್ದೆ. ಕಲಿಸುವವಳು ಕಲಿಯುವವರಿಗಿಂತ ಒಂದು ದಿನ ಮುಂದಿದ್ದಳು, ಅಷ್ಟೆ.

ಒಂಬತ್ತನೆಯ ಇಯತ್ತೆಗೆ ಭಿನ್ನರಾಶಿಗಳ ಸಂಕಲನ ಬಂತು. ಮೊದಲು ಅಂಕಿಗಳದ್ದು, ಆಮೇಲೆ ಬೀಜಗಣಿತದ್ದು, ಅಂದರೆ ಅಕ್ಷರಗಳದ್ದು. ಛೇದಗಳು ಒಂದೇ ಇದ್ದರೆ ತಕರಾರಿಲ್ಲ. ಬೇರೆ ಬೇರೆಯಾದ ಕೂಡಲೇ ತರಗತಿ ಗದ್ದಲವಾಯಿತು. ಹಿಂದಿನ ಬೆಂಚಿನಿಂದ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಅಕ್ಕೋರ, ಮ್ಯಾಲಿನ್ವು ಮ್ಯಾಲ ಕೂಡಿಸ್ತೀವಲ್ರಿ, ಹಂಗ ಕೆಳಗಿನ್ವು ಕೆಳಗ ಯಾಕ ಕೂಡಿಸಬಾರದ್ರಿ?”

ಪುಸ್ತಕದಲ್ಲಿ ‘ಛೇದಗಳನ್ನು ಸಮಮಾಡಿ’ ಎಂದಿತ್ತೇ ಹೊರತು ಏಕೆ ಎಂದಿರಲಿಲ್ಲ. ನಾನು ಹಲಗೆಯ ಮೇಲೆ ಅವಳು ಹೇಳಿದಂತೆಯೇ ಬರೆದೆ. 1/2 + 1/3 = 2/5. ಆಮೇಲೆ ಕೇಳಿದೆ: “ನಿನ್ನ ತಾಟಿನಾಗ ಅರ್ಧ ರೊಟ್ಟಿ ಐತಿ. ಅದರ ಮ್ಯಾಲ ಮೂರರಾಗೊಂದು ಪಾಲು ರೊಟ್ಟಿ ನೀಡಿದೆ. ಈಗ ತಾಟಿನಾಗ ಐದರಾಗ ಎರಡು ಪಾಲು ಐತಿ ಅಂತಿ. ಅರ್ಧಕ್ಕಿಂತ ಹೆಚ್ಚಾತೋ, ಕಡಿಮಿ ಆತೋ?”

ಅವಳು ತುಸು ಹೊತ್ತು ಲೆಕ್ಕ ಹಾಕಿ, “ಕಡಿಮಿ ಆತ್ರಿ. ನೀಡಿಸಿಕೊಂಡು ಕಡಿಮಿ ಆತು” ಎಂದು ನಕ್ಕಳು. ತರಗತಿಯೆಲ್ಲ ನಕ್ಕಿತು.

ನೀಡಿಸಿಕೊಂಡು ಕಡಿಮೆಯಾಗುವುದು. ಆ ಮಾತು ಮುಂದಿನ ವರ್ಷವೇ ನಮ್ಮ ಮನೆಯೊಳಗೆ ಬಂದು ಕೂಡುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಅವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ. ಆದರೂ ಅವಳು ಭಿನ್ನರಾಶಿ ಕೂಡಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಳೆಯ ಬಾಗಲಕೋಟೆಯ ನಮ್ಮ ಮನೆಯ ಅಡಿಗೆಮನೆಯಲ್ಲಿ ಸೇರು, ಅಚ್ಚೇರು, ಪಾವಶೇರು, ಚಟಾಕು ಸಾಲಾಗಿ ಇರುತ್ತಿದ್ದವು. ಊರ ಅಂಗಡಿಗೆ ಕಿಲೋ ಬಂದು ವರ್ಷಗಳಾಗಿದ್ದರೂ ಅವ್ವನಿಗೆ ಸೇರೇ ಲೆಕ್ಕ. ನೆರೆಮನೆಯವರು ಒಂದು ಸಲ ಅಚ್ಚೇರು ಜೋಳ, ಒಂದು ಸಲ ಪಾವಶೇರು, ಮತ್ತೊಂದು ಸಲ ಚಟಾಕು ಕಡ ಒಯ್ದರೆ, ತಿರುಗಿ ಕೊಡಲು ಬಂದಾಗ ಅವ್ವ ನಿಂತಲ್ಲೇ ಹೇಳುತ್ತಿದ್ದಳು: “ಹದಿಮೂರು ಚಟಾಕು ಆತವಾ.” ಅರ್ಧ, ಕಾಲು, ಹದಿನಾರರಲ್ಲೊಂದು, ಮೂರಕ್ಕೂ ಛೇದ ಬೇರೆ. ಅವ್ವ ಎಲ್ಲವನ್ನೂ ಚಟಾಕಿಗೆ ಇಳಿಸಿ ಎಂಟು, ನಾಲ್ಕು, ಒಂದು ಎಂದು ಕೂಡಿಸುತ್ತಿದ್ದಳು. ಹದಿನಾರರಲ್ಲಿ ಹದಿಮೂರು. ಶಾಲೆಯಲ್ಲಿ ನಾವು ಲ.ಸಾ.ಅ. ಎಂದು ಕರೆಯುವುದು ಅವಳ ಪಾಲಿಗೆ ಒಂದು ಹಿತ್ತಾಳೆಯ ಅಳತೆ.

ಅಪ್ಪನ ಕಾಲದ ಮಕ್ಕಳು ಕನ್ನಡ ಶಾಲೆಯಲ್ಲಿ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದೀಡಕಿ ಎಂದು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಗಳ ಮಗ್ಗಿಯನ್ನೇ ಬಾಯಿಪಾಠ ಮಾಡುತ್ತಿದ್ದರು. ಮುಂಬಯಿ ಪ್ರಾಂತದ ಶಾಲೆಗಳ ಕೊಡುಗೆ ಅದು. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದಲ್ಲಿ ಆ ಮಗ್ಗಿ ಇಲ್ಲದೆ ಸಂತೆ ಮಾಡುವಂತಿರಲಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಮಗ್ಗಿ ಮೆಲ್ಲಗೆ ಮರೆತುಹೋಯಿತು.

ಅದಕ್ಕೂ ಹಿಂದಿನ ಮಾತಿಗೆ ಹೋಗೋಣ. ಆ ವರ್ಷ ಚಳಿಗಾಲದಲ್ಲಿ ಮಕ್ಕಳನ್ನು ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ನಾನು ನನ್ನ ಸ್ವಂತ ವಿಷಯಕ್ಕೆ ಮರಳಿದ್ದೆ, ಉತ್ಸಾಹವೇನು ಕೇಳುತ್ತೀರಿ! ಐಹೊಳೆ ನಮ್ಮ ಹುನಗುಂದ ತಾಲೂಕಿನದೇ. ಗುಡ್ಡದ ಮೇಲಿನ ಮೇಗುಟಿಯ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಕೀರ್ತಿ ಹೇಳುವ ಆ ಶಾಸನದಲ್ಲಿ ಕವಿ ಕಾಲವನ್ನು ಎರಡು ರೀತಿಯಿಂದ ಹೇಳಿದ್ದಾನೆ. ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ನಮ್ಮ ಲೆಕ್ಕಕ್ಕೆ ಅದು ಕ್ರಿ.ಶ. 634. ಎರಡು ಬೇರೆ ಬೇರೆ ಎಣಿಕೆಗಳನ್ನು ತಂದು ಒಂದೇ ದಿನದ ಮೇಲೆ ನಿಲ್ಲಿಸುವ ಜಾಣತನ ಈ ಮಣ್ಣಿಗೆ ಹೊಸದಲ್ಲ ಎಂದು ಮಕ್ಕಳಿಗೆ ಹೇಳಿದೆ.

ಪಟ್ಟದಕಲ್ಲಿನಲ್ಲಿ, ಗುಡಿಗಳ ಮುಖ್ಯ ಗುಂಪಿನಿಂದ ದೂರ, ಊರ ಹೊರಗೆ ಒಂಟಿಯಾಗಿ ನಿಂತ ಜೈನ ನಾರಾಯಣ ಗುಡಿಗೆ ಹೋದೆವು. ಅದು ಚಾಲುಕ್ಯರದ್ದಲ್ಲ, ಅವರ ನಂತರ ಬಂದ ರಾಷ್ಟ್ರಕೂಟರ ಕಾಲದ್ದು. ಆ ವಂಶದ ಅಮೋಘವರ್ಷ ನೃಪತುಂಗ ಮಳಖೇಡದಿಂದ ಆಳಿದ ಅರಸ. ಕ್ರಿ.ಶ. 814ರಿಂದ ಅರವತ್ತಕ್ಕೂ ಹೆಚ್ಚು ವರ್ಷ ಅವನ ಆಳ್ವಿಕೆ. ಅವನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಕವಿರಾಜಮಾರ್ಗದಲ್ಲಿ ತಿರುಳುಗನ್ನಡದ ನಾಡೆಂದು ಹೆಸರಿಸಿದ ಊರುಗಳಲ್ಲಿ ಕಿಸುವೊಳಲೂ ಒಂದು. ಕಿಸುವೊಳಲೆಂದರೆ ಇದೇ ಪಟ್ಟದಕಲ್ಲು. ಇದನ್ನು ನಾನು ಪ್ರತಿವರ್ಷ ಹೇಳುತ್ತಿದ್ದೆ. ಆದರೆ ಅದೇ ಅರಸನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದನೆಂಬುದು ನಾನು ಗಣಿತದ ಸೀಮೆಸುಣ್ಣ ಹಿಡಿಯುವತನಕ ನನಗೆ ಬರೀ ಒಂದು ಸಾಲಿನ ಮಾಹಿತಿಯಾಗಿತ್ತು. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ, ಅಷ್ಟೆ.

ಆ ಸಾಲಿನ ಹಿಂದೆ ಎಂಥ ಮನುಷ್ಯ ಇದ್ದ! ಗ್ರಂಥದ ಮೊದಲಲ್ಲೇ ಅಮೋಘವರ್ಷನನ್ನು ಸ್ತುತಿಸುತ್ತಾನೆ. ಅಡಿಗೆಮನೆಯಿಂದ ಸಂಗೀತದವರೆಗೆ, ವೈದ್ಯದಿಂದ ಮನೆಕಟ್ಟುವುದರವರೆಗೆ ಗಣಿತ ಬೇಕಾಗದ ಕಡೆಯೇ ಇಲ್ಲ ಎನ್ನುತ್ತಾನೆ. ಪಂಡಿತರ ಪಟ್ಟಿಯಲ್ಲಿ ಅಡಿಗೆಯೂ ಬಂದದ್ದು ನನಗೆ ಬಹಳ ಹಿಡಿಸಿತು. ಗ್ರಂಥದಲ್ಲಿ ಒಂಬತ್ತು ಅಧಿಕಾರಗಳು, ಅಂದರೆ ಅಧ್ಯಾಯಗಳು. ಅವುಗಳಲ್ಲಿ ಮೂರನೆಯದು ಕಲಾಸವರ್ಣ, ಪೂರ್ತಿ ಭಿನ್ನರಾಶಿಗಳದ್ದೇ. ಭಿನ್ನಗಳಲ್ಲಿ ಆರು ಜಾತಿ ಮಾಡುತ್ತಾನೆ. ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಕೊನೆಗೆ ಭಾಗಮಾತೃ. ಮೊದಲಿನ ಐದರಲ್ಲಿ ಎರಡು, ಮೂರು, ನಾಲ್ಕು ಅಥವಾ ಐದೂ ಕೂಡಿ ಬಂದರೆ ಅದು ಭಾಗಮಾತೃ. ಅಂಥ ಕೂಟಗಳು ಒಟ್ಟು 26. ಎಲ್ಲ ಜಾತಿಯವರನ್ನೂ ಒಡಲಲ್ಲಿ ಇಟ್ಟುಕೊಂಡವಳಿಗೆ ತಾಯಿಯೆಂದೇ ಹೆಸರು.

ಛೇದಗಳು ಬೇರೆಯಾದರೆ ಏನು ಮಾಡಬೇಕು? ಅವನಿಗಿಂತ ಹಿಂದಿನ ಬ್ರಹ್ಮಗುಪ್ತ, ಕ್ರಿ.ಶ. 628ರಲ್ಲಿ, ಒಂದರ ಛೇದದಿಂದ ಇನ್ನೊಂದರ ಅಂಶವನ್ನೂ ಛೇದವನ್ನೂ ಗುಣಿಸಲು ಹೇಳಿದ್ದ. ಅದು ಸರಿಯೇ. ಆದರೆ ಅಂಕಿಗಳು ಬೇಡವೆಂದರೂ ದೊಡ್ಡವಾಗುತ್ತವೆ. ಮಹಾವೀರಾಚಾರ್ಯ ಹತ್ತಿರದ ದಾರಿ ಹುಡುಕಿದ. ಛೇದಗಳಲ್ಲಿ ಸಮಾನವಾಗಿರುವ ಅಪವರ್ತನಗಳನ್ನು ಒಂದೇ ಸಲ ತೆಗೆದುಕೊಳ್ಳಬೇಕು, ಉಳಿದ ಭಾಗಲಬ್ಧಗಳಿಂದ ಅದನ್ನು ಗುಣಿಸಬೇಕು. ಬಂದದ್ದಕ್ಕೆ ‘ನಿರುದ್ಧ’ ಎಂದು ಹೆಸರಿಟ್ಟ. ನಮ್ಮ ಲ.ಸಾ.ಅ. ಇದೇ. ಆ ನಿರುದ್ಧವನ್ನು ಒಂದೊಂದು ಛೇದದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಆಯಾ ಅಂಶ ಛೇದಗಳನ್ನು ಗುಣಿಸಿದರೆ ಎಲ್ಲ ಛೇದಗಳೂ ಒಂದಾಗುತ್ತವೆ. ನಮ್ಮ ದೇಶದ ಗಣಿತಜ್ಞರಲ್ಲಿ ಭಿನ್ನಗಳ ಸಂಕಲನಕ್ಕೆ ಲ.ಸಾ.ಅ. ಬಳಸಲು ಮೊದಲು ಹೇಳಿದವನು ಇವನೇ ಎಂದು ಗಣಿತದ ಇತಿಹಾಸ ಬರೆದವರು ಒಪ್ಪಿದ್ದಾರೆ. ಮಳಖೇಡದ ಅರಸನ ಕಾಲದ ಸೂತ್ರವನ್ನು ಹುನಗುಂದದ ಮಕ್ಕಳು ಇಂದಿಗೂ ಬಿಡಿಸುತ್ತಿದ್ದಾರೆ, ಹೆಸರು ಮಾತ್ರ ಗೊತ್ತಿಲ್ಲ.

ಅವನ ಉದಾಹರಣೆಗಳೂ ಚೆಂದ. ಒಬ್ಬ ತರುಣಿಯ ಮುತ್ತಿನ ಹಾರ ಗಂಡನೊಡನೆ ಪ್ರಣಯದ ಜಗಳದಲ್ಲಿ ಹರಿದುಹೋಗುತ್ತದೆ. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕಡೆ ಹೋದವು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಡಿದವು. ಕೊನೆಗೆ ಹಾರದಲ್ಲಿ 1161 ಮುತ್ತು ಉಳಿದವು. ಮೊದಲು ಎಷ್ಟಿದ್ದವು? 1/3 ಮತ್ತು 1/6ನ್ನು ಹಳೆಯ ರೀತಿ ಕೂಡಿಸಿದರೆ 9/18. ನಿರುದ್ಧದಿಂದ ಕೂಡಿಸಿದರೆ 2/6 + 1/6 = 3/6, ಅಂದರೆ ಅರ್ಧ. ಉಳಿದ ಅರ್ಧವನ್ನು ಆರು ಸಲ ಅರ್ಧ ಮಾಡಿದರೆ 128ರಲ್ಲಿ ಒಂದು ಪಾಲು. 1161ನ್ನು 128ರಿಂದ ಗುಣಿಸಿದರೆ 1,48,608. ಅಷ್ಟು ಮುತ್ತಿನ ಹಾರ ಹಾಕಿಕೊಂಡವಳ ಕೊರಳಿನ ಗತಿ ಏನಾಗಿತ್ತೋ ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆದರೆ ಆ ದಿನದ ನಂತರ ಅವರು ಲ.ಸಾ.ಅ. ತಪ್ಪಲಿಲ್ಲ.

ಇಂಥ ಗ್ರಂಥ ನಮ್ಮ ಕೈಗೆ ಬಂದ ಬಗೆಯನ್ನೂ ಹೇಳಬೇಕು. ಮದ್ರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಮೂಡಬಿದರೆ ಮುಂತಾದ ಕಡೆಯ ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ತೆಲುಗಿಗೆ ಇದನ್ನು ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ತಂದಿದ್ದ. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದಲ್ಲಿ ಆಗಿಹೋದ. ಗಣಿತಸಾರಸಂಗ್ರಹದ ಮೂಲ, ಕನ್ನಡ ಅನುವಾದ, ಇಂಗ್ಲಿಷ್ ಅನುವಾದ ಮೂರೂ ಒಟ್ಟಿಗೆ ಸಿಕ್ಕುವಂತೆ ಮಾಡಿದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಡಾ. ಪದ್ಮಾವತಮ್ಮ. 2000ದಲ್ಲಿ ಹೊಂಬುಜದ ಮಠದಿಂದ ಅದು ಹೊರಬಂತು. ಒಬ್ಬ ಹೆಣ್ಣುಮಗಳು ಆ ಕೆಲಸ ಮಾಡಿದರೆಂದು ಕೇಳಿದಾಗ ನನಗೆ ಆದ ಸಂತೋಷ ಇಷ್ಟಷ್ಟಲ್ಲ.

ಇನ್ನು ನಮ್ಮ ಮನೆಯ ಮಾತು.

ಅಪ್ಪ ತೀರಿದ್ದು 1990ರಲ್ಲಿ. ಅಜ್ಜನಿಂದ ಬಂದ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಅಣೆಕಟ್ಟೆಯ ಹಿನ್ನೀರು ಬರುತ್ತದೆ, ಊರು ಮುಳುಗುತ್ತದೆ ಎಂಬ ಮಾತು ನಾನು ಹುಟ್ಟಿದಾಗಿನಿಂದ ಇತ್ತು. ಮುಳುಗುವ ಊರಿಗೆ ಯಾರು ಸುಣ್ಣ ಬಳಿಯುತ್ತಾರೆ? ಮನೆಗಳು ಮುಳುಗುವ ಮೊದಲೇ ಬೀಳತೊಡಗಿದ್ದವು. ಕೊನೆಗೆ ನಮ್ಮ ಓಣಿಗೂ ಪರಿಹಾರ ಬಂತು, ನವನಗರದ ದಾರಿ ತೆರೆಯಿತು. 1998ರಲ್ಲಿ ಅಣ್ಣಂದಿರಿಬ್ಬರು, ಅಕ್ಕ, ನಾನು, ಅವ್ವ ಎಲ್ಲರೂ ಅದೇ ಮನೆಯ ಪಡಸಾಲೆಯಲ್ಲಿ ಕೊನೆಯ ಸಲ ಕೂಡಿದೆವು. ಪತ್ರ ಬರೆಯುವವರೊಬ್ಬರು ಕಾಗದ ತಯಾರಿಸಿ ತಂದಿದ್ದರು.

ಕಾಗದದಲ್ಲಿ ಹೀಗಿತ್ತು. ಅವ್ವನಿಗೆ 1/20, ಅಕ್ಕನಿಗೆ 1/20, ನನಗೆ 1/20. ಉಳಿದದ್ದು ಅಣ್ಣಂದಿರಿಗೆ ಸಮನಾಗಿ. ಕೆಳಗೆ, ಅಕ್ಕ ಮತ್ತು ನಾನು ಅರಿಷಿಣ ಕುಂಕುಮಕ್ಕೆಂದು ಸೀರೆ ಪಡೆದು ನಮ್ಮ ಪಾಲನ್ನು ಸಂತೋಷದಿಂದ ಬಿಟ್ಟುಕೊಟ್ಟಿದ್ದೇವೆ ಎಂದಿತ್ತು.

ಇಪ್ಪತ್ತು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ವಿವರಿಸಿದರು. ತಂದೆ ಸಾಯುವ ಮುನ್ನ ಪಾಲು ಆಗಿದೆಯೆಂದು ಕಲ್ಪಿಸಿಕೊಳ್ಳಬೇಕು. ಆ ಕಲ್ಪಿತ ಪಾಲಿನಲ್ಲಿ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಹೀಗೆ ನಾಲ್ವರು. ತಂದೆಗೆ ಬಂದ ಕಾಲು ಪಾಲನ್ನು ಅವನ ನಂತರ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಐವರು ಹಂಚಿಕೊಳ್ಳಬೇಕು. ಕಾಲಿನಲ್ಲಿ ಐದರಲ್ಲೊಂದು ಎಂದರೆ 1/20.

“ಹಂಗಾರ ಕಲ್ಪಿತ ಪಾಲಿನ್ಯಾಗ ಅವ್ವಗ ಬಂದ ಕಾಲು ಎಲ್ಲಿ ಹೋತ್ರಿ?” ಎಂದೆ.

ಅವರು ಅಣ್ಣನ ಮುಖ ನೋಡಿದರು. ಅಣ್ಣ, “ಅವ್ವ ನಮ್ಮ ಜೋಡೀನ ಇರ್ತಾಳಲ್ಲ, ಅಕಿಗೆ ಬ್ಯಾರೆ ಯಾಕ ಬೇಕು?” ಎಂದ. ಅವನು ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿದವನು ಅವನೇ. ಆದರೆ ಒಳ್ಳೆಯವರು ಮಾಡಿದ ಲೆಕ್ಕವೂ ತಪ್ಪಿರಬಹುದು. ಹಿಂದಿನ ವರ್ಷವಷ್ಟೇ ಹಲಗೆಯ ಮೇಲೆ ಬರೆದಿದ್ದೆನಲ್ಲ, ಅದೇ ಕೈಯಿಂದ ಕಾಗದದ ಹಿಂಬದಿಗೆ ಬರೆದೆ. 1/4 + 1/20. ನಿರುದ್ಧ 20. 5/20 + 1/20 = 6/20. ಅಣ್ಣಂದಿರಿಗೂ ಒಬ್ಬೊಬ್ಬರಿಗೆ ಅಷ್ಟೇ, 6/20. ನಮ್ಮಿಬ್ಬರದು ಒಂದೊಂದು. ಆರು, ಆರು, ಆರು, ಒಂದು, ಒಂದು. ಕೂಡಿಸಿದರೆ ಇಪ್ಪತ್ತು. ಲೆಕ್ಕ ಮುಟ್ಟಿತು.

ಲೆಕ್ಕ ಸುಲಭವಾಗಲೆಂದು ಪರಿಹಾರ 2 ಲಕ್ಷವೆಂದು ಇಟ್ಟುಕೊಳ್ಳಿ. ಕೂಡಿಸಿದರೆ ಅವ್ವನಿಗೆ 60,000. ಕೂಡಿಸದೆ ಬಿಟ್ಟರೆ 10,000. ಒಂದು ಅಧಿಕ ಚಿಹ್ನೆಯ ಬೆಲೆ 50,000 ರೂಪಾಯಿ.

ಆ ದಿನ ಸಹಿ ಆಗಲಿಲ್ಲ. ನಾನು ಬಾಗಲಕೋಟೆಯ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಕಾಗದದ ಹಿಂದಿನ ನನ್ನ ಲೆಕ್ಕ ನೋಡಿ ನಕ್ಕು, “ಬಾಯಾರ, ಈ ಲೆಕ್ಕ ಸುಪ್ರೀಂ ಕೋರ್ಟಿನ ತನಕಾ ಹೋಗಿ ಬಂದೈತ್ರಿ” ಎಂದರು. ಅವರು ಹೇಳಿದ ಕತೆ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತಿರಬೇಕಾದದ್ದು.

ಖಂಡಪ್ಪ ಸಂಗಪ್ಪ ಮಗದುಮ್ ಎಂಬವರು 1960ರಲ್ಲಿ ತೀರಿದರು. ಹಿಂದೆ ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. 1962ರಲ್ಲಿ ಹೀರಾಬಾಯಿ ತನಗೆ 7/24 ಪಾಲು ಬರಬೇಕೆಂದು ದಾವೆ ಹೂಡಿದರು. ಲೆಕ್ಕ ನಮ್ಮದರಂತೆಯೇ. ಕಲ್ಪಿತ ಪಾಲಿನಲ್ಲಿ 1/4, ಗಂಡನ ಕಾಲು ಪಾಲಿನ ಆರರಲ್ಲೊಂದು, ಅಂದರೆ 1/24. ಸಾಂಗಲಿಯ ನ್ಯಾಯಾಲಯ 1965ರಲ್ಲಿ, ಆಗ ಇದ್ದ ಮುಂಬಯಿ ಹೈಕೋರ್ಟಿನ ಒಂದು ತೀರ್ಪನ್ನು ಅನುಸರಿಸಿ, ಎರಡನ್ನೂ ಕೂಡಿಸಲು ಒಪ್ಪಲಿಲ್ಲ, 1/24 ಮಾತ್ರ ಎಂದಿತು. 1975ರಲ್ಲಿ ಮುಂಬಯಿ ಹೈಕೋರ್ಟು ಕೂಡಿಸಿ 7/24 ಎಂದಿತು. ಮಗ ಸುಪ್ರೀಂ ಕೋರ್ಟಿಗೆ ಹೋದ. 1978ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರು ತಾಯಿಯ ಪರವಾಗಿ ತೀರ್ಪು ಕೊಟ್ಟರು. ಅದರ ಸಾರ ಇಷ್ಟು. ಪಾಲು ಆಗಿದೆಯೆಂದು ಒಮ್ಮೆ ಕಲ್ಪಿಸಿಕೊಂಡ ಮೇಲೆ ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಅದರ ಫಲವನ್ನೆಲ್ಲ ಒಪ್ಪಬೇಕು. ಆ ಪಾಲಿನಲ್ಲಿ ತಾಯಿಗೆ ಬರುತ್ತಿದ್ದ ಕಾಲು ಅವಳದೇ. 1/4ಕ್ಕೆ 1/24 ಕೂಡಿಸಲು ಹದಿನಾರು ವರ್ಷ ಹಿಡಿಯಿತು. ಏಳನೆಯ ಇಯತ್ತೆಯ ಹುಡುಗಿ ಎರಡು ನಿಮಿಷದಲ್ಲಿ ಮಾಡುವ ಲೆಕ್ಕ.

ಗಂಡ ಮಕ್ಕಳು ಪಾಲಾಗುವಾಗ ಹೆಂಡತಿಗೂ ಒಂದು ಪಾಲು ಎಂಬ ಮಾತು ಹೊಸದೇನಲ್ಲ. ಅದು ಮಿತಾಕ್ಷರೆಯ ಮಾತು. ಮಿತಾಕ್ಷರೆ ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. 1076ರಿಂದ 1126ರವರೆಗೆ ಆಳಿದ ಅರಸ ಅವನು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯೆಯ ದಾಯವಿಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಬಂಗಾಲದ ಹೊರಗೆ ಹೆಚ್ಚಿನ ದೇಶವೆಲ್ಲ ಅದರ ಮೇಲೆ ನಡೆಯಿತು. ಮದ್ರಾಸಿನ ಕಡೆ ಹೆಂಗಸರಿಗೆ ಪಾಲಿನಲ್ಲಿ ಪಾಲು ಕೊಡುವ ರೂಢಿ ಬಿಟ್ಟುಹೋಯಿತು, ಮುಂಬಯಿ ಪ್ರಾಂತದಲ್ಲಿ ಉಳಿಯಿತು. ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗೆ, ವಿಜಾಪುರ ಮುಂಬಯಿಯೊಳಗೆ ಇದ್ದುದರಿಂದ ನಮ್ಮ ಅವ್ವನಿಗೆ ಆ ಕಾಲು ಉಳಿದಿತ್ತು. ಅತ್ತ ಮೈಸೂರು ಸಂಸ್ಥಾನವು 1933ರಲ್ಲೇ ಹೆಂಗಸರ ಹಕ್ಕಿಗೆ ಬೇರೆ ಕಾಯಿದೆ ಮಾಡಿತ್ತು.

ವಕೀಲರ ಮಾತು ಕೇಳಿ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಅವ್ವನಿಗೆ 6/20 ಎಂದು ಹೊಸ ಕಾಗದ ಆಯಿತು, ನೋಂದಣಿಯೂ ಆಯಿತು. ನನ್ನ 1/20ಕ್ಕೆ ಮಾತ್ರ ನಾನು ಬಿಡುಗಡೆಯ ಸಹಿ ಹಾಕಿದೆ. ಅಕ್ಕನೂ ಹಾಕಿದಳು. ಎರಡನ್ನೂ ಕೇಳಿದರೆ ತವರೇ ಹೋದೀತು ಎಂಬ ಅಂಜಿಕೆ ನನಗೆ. ಅಷ್ಟಕ್ಕೂ ಎರಡು ವರ್ಷ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಅವ್ವನ ಪರವಾಗಿ ಬಾಯಿ ತೆರೆದವಳು ನನ್ನ ಪರವಾಗಿ ಏಕೆ ತೆರೆಯಲಿಲ್ಲ ಎಂದು ಮುಂದೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಂಕಿ ಚಿಕ್ಕದೆಂದು ಬಿಟ್ಟೆನೆ, ಹೆಣ್ಣಿನದೆಂದು ಬಿಟ್ಟೆನೆ? ಲೆಕ್ಕ ಕಲಿಸುವವಳಿಗೆ ಈ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಹುನಗುಂದದ ಆ ತರಗತಿಗೆ ನಾನು ಇದನ್ನೇ ಬೀಜಗಣಿತದ ಲೆಕ್ಕವಾಗಿ ಕೊಟ್ಟೆ. ಮನೆಯ ಹೆಸರು ಹೇಳಲಿಲ್ಲ. ಹಳಬರು ಅವ್ಯಕ್ತಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂಬುವುಗಳ ಮೊದಲಕ್ಷರ ‘ಯಾ’, ‘ಕಾ’, ‘ನೀ’ ಬಳಸುತ್ತಿದ್ದರು. ನಾವು ಗಂಡುಮಕ್ಕಳಿಗೆ ‘ಗ’, ಹೆಣ್ಣುಮಕ್ಕಳಿಗೆ ‘ಹ’ ಎಂದಿಟ್ಟೆವು. ಒಬ್ಬ ಮಗನಾದರೂ ಇರುವ ಮನೆ. ಕಲ್ಪಿತ ಪಾಲಿನಲ್ಲಿ ತಂದೆ, ತಾಯಿ, ಗಂಡುಮಕ್ಕಳು, ಒಟ್ಟು (ಗ + 2) ಜನ. ತಂದೆಯ ಪಾಲು ಹಂಚಿಕೊಳ್ಳುವವರು (ಗ + ಹ + 1). ಹಾಗಾದರೆ ತಾಯಿಯ ಪಾಲು:

1/(ಗ + 2) + 1/[(ಗ + 2)(ಗ + ಹ + 1)]

ಛೇದಗಳು ಬೇರೆ. ಎರಡನ್ನೂ ಸುಮ್ಮನೆ ಗುಣಿಸಿದರೆ (ಗ + 2) ಎರಡು ಸಲ ಬಂದು ತೊಡಕಾಗುತ್ತದೆ. ಮಹಾವೀರಾಚಾರ್ಯ ಹೇಳಿದ್ದೇ ಇಲ್ಲಿ ಕೆಲಸಕ್ಕೆ ಬರುವುದು. ಸಮಾನವಾದದ್ದನ್ನು ಒಂದೇ ಸಲ ತೆಗೆದುಕೊಳ್ಳಿ. ನಿರುದ್ಧ (ಗ + 2)(ಗ + ಹ + 1). ಮೊದಲನೆಯ ಭಿನ್ನದ ಅಂಶ ಛೇದಗಳನ್ನು (ಗ + ಹ + 1)ರಿಂದ ಗುಣಿಸಿ ಕೂಡಿಸಿದರೆ:

(ಗ + ಹ + 2)/[(ಗ + 2)(ಗ + ಹ + 1)]

ಹೀರಾಬಾಯಿಯ ಮನೆಗೆ ಗ = 2, ಹ = 3. ಮೇಲೆ 7, ಕೆಳಗೆ 4 × 6. ಸರಿಯಾಗಿ 7/24. ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಷರಗಳಿಂದ ಲೆಕ್ಕ ಮಾಡುವುದರ ಲಾಭ ಇದು. ಒಂದು ಮನೆಯ ಲೆಕ್ಕವಲ್ಲ, ಎಲ್ಲ ಮನೆಗಳ ಲೆಕ್ಕ ಒಂದೇ ಸಲ ಆಗಿಹೋಗುತ್ತದೆ.

ಛೇದ ಸೊನ್ನೆಯಾದರೆ ಏನು ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮಹಾವೀರಾಚಾರ್ಯನಂಥವನೂ ಅಲ್ಲಿ ಎಡವಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದುಬಿಟ್ಟಿದ್ದಾನೆ. ಮುನ್ನೂರು ವರ್ಷದ ನಂತರ ಭಾಸ್ಕರಾಚಾರ್ಯ ಅದನ್ನು ಖಹರವೆಂದು ಕರೆದು ಅನಂತಕ್ಕೆ ಹೋಲಿಸಿದ. ಸೊನ್ನೆಯಿಂದ ಭಾಗಿಸುವುದೇ ಸಲ್ಲದು ಎಂದು ನಾವು ಇಂದು ಹೇಳುತ್ತೇವೆ. ಆದರೆ ನಮ್ಮ ಈ ಲೆಕ್ಕಕ್ಕೆ ಆ ಭಯವಿಲ್ಲ. (ಗ + 2)ರಲ್ಲಿ ಆ ಎರಡು ಎಂದರೆ ತಂದೆ ಮತ್ತು ತಾಯಿ. ಅವರಿಬ್ಬರು ಇರುವತನಕ ಛೇದ ಸೊನ್ನೆಯಾಗದು.

ಮುಂದೆ ಕಾಯಿದೆ ಬದಲಾಯಿತು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮದಿಂದ ಹಕ್ಕು ಬಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾದವರಿಗೆ ಇರಲಿಲ್ಲ. ನಾನೂ ಅಕ್ಕನೂ ಅದಕ್ಕೆ ಮುಂಚೆಯೇ ತಾಳಿ ಕಟ್ಟಿಸಿಕೊಂಡವರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆಯಾಗಲಿ ಬಿಡಲಿ, ಮಗಳೂ ಮಗನಂತೆ. ಆ ದಿನ ತಂದೆ ಬದುಕಿರಬೇಕೆ ಎಂಬ ತಕರಾರನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಮುಗಿಸಿತು. ಬದುಕಿರಬೇಕಾಗಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾಗಿ ಮುಗಿದ ಪಾಲುಗಳನ್ನು ಕದಲಿಸುವಂತಿಲ್ಲ. ನಮ್ಮದು 1998ರದ್ದು, ಮುಗಿದ ಮಾತು.

ಹೊಸ ಕಾಯಿದೆಯಂತೆ ಅದೇ ಲೆಕ್ಕ ಮಾಡಿ ನೋಡಿರಿ. ಈಗ ಗ, ಹ ಎಂದು ಬೇರೆ ಬೇರೆ ಅಕ್ಷರ ಬೇಡ. ಮಕ್ಕಳೆಲ್ಲ ಸೇರಿ ‘ಮ’. ಕಲ್ಪಿತ ಪಾಲಿನಲ್ಲಿ (ಮ + 2) ಜನ, ತಂದೆಯ ಪಾಲಿಗೆ ವಾರಸರು (ಮ + 1).

1/(ಮ + 2) + 1/[(ಮ + 2)(ಮ + 1)] = (ಮ + 2)/[(ಮ + 2)(ಮ + 1)]

ಮೇಲೂ ಕೆಳಗೂ (ಮ + 2) ಹೊಡೆದುಹೋಗಿ ಉಳಿಯುವುದು 1/(ಮ + 1). ತಾಯಿಗೂ ಅಷ್ಟೇ, ಮಗನಿಗೂ ಅಷ್ಟೇ, ಮಗಳಿಗೂ ಅಷ್ಟೇ. ನಮ್ಮ ಮನೆಗೆ ಹಚ್ಚಿದರೆ ಐವರಿಗೂ 1/5. ಹಳೆಯ ಇಪ್ಪತ್ತರ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ನಾಲ್ಕು. ಅಣ್ಣಂದಿರ ಆರು ನಾಲ್ಕಾಗುತ್ತಿತ್ತು, ನಮ್ಮ ಒಂದು ನಾಲ್ಕಾಗುತ್ತಿತ್ತು. ಅವ್ವನ ಆರೂ ನಾಲ್ಕಾಗುತ್ತಿತ್ತು, ಅದನ್ನೂ ಮುಚ್ಚಿಡಬಾರದು. ಇದನ್ನು ಅವ್ವನಿಗೆ ಹೇಳಿದಾಗ ಅವಳು ಬೆರಳೆಣಿಸಿ, “ಎರಡು ಹೋದ್ರ ಹೋಗಲಿ ಬಿಡವಾ. ನಿಮಗ ಮೂರು ಮೂರು ಬರ್ತಿತ್ತಲ್ಲ” ಎಂದಳು.

ನಾನೀಗ ಇಳಕಲ್ಲಿನಲ್ಲಿದ್ದೇನೆ. ಮಗ್ಗದ ಸಪ್ಪಳದ ನಡುವೆ ಶಾಲೆಗೆ ಹೋಗುವ ದಾರಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅರಳೆಯ ಒಡಲಿಗೆ ರೇಶಿಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯ ಕೆಲಸದಲ್ಲಿ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಿರುತ್ತದೆ. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಕಾಣುತ್ತದೆ. ಬೇರೆ ಬೇರೆಯವನ್ನು ಕೂಡಿಸುವುದೆಂದರೆ ಇಷ್ಟು ತಾಳ್ಮೆಯ ಕೆಲಸ ಎಂದು ನೋಡಿದಾಗಲೆಲ್ಲ ಅನಿಸುತ್ತದೆ.

ಅವ್ವ ತನ್ನ ಪಾಲಿನ ಹಣವನ್ನು ತನ್ನ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ ಇಟ್ಟಳು. ಕೊನೆಯ ತನಕ ಔಷಧಕ್ಕೂ, ಮೊಮ್ಮಕ್ಕಳ ಕೈಗೆ ಹತ್ತಿಪ್ಪತ್ತು ಇಡುವುದಕ್ಕೂ ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ವರ್ಷ ಪಂಚಮಿಗೆ ಅಣ್ಣನೇ ಕರೆಯಲು ಬಂದ. ಚಹಾ ಕುಡಿಯುತ್ತ, ತನ್ನ ಮಗಳ ಗಣಿತದ ನೋಟುಬುಕ್ಕು ನನ್ನ ಮುಂದೆ ಇಟ್ಟು, “ಇಕಿಗೆ ಛೇದ ಬ್ಯಾರೆ ಬ್ಯಾರೆ ಇದ್ರ ಕೂಡಸಾಕ ಬರವಲ್ದಂತ. ತುಸು ಹೇಳಿಕೊಡು” ಎಂದ.

ಹೇಳಿಕೊಟ್ಟೆ. ಮೊದಲನೆಯ ಉದಾಹರಣೆಗೆ 1/4 + 1/20 ಬರೆದೆ. ಅಣ್ಣ ಪುಸ್ತಕದ ಕಡೆ ನೋಡಿ, ಏನೂ ಅನ್ನದೆ, ಮಗಳ ತಲೆಯ ಮೇಲೆ ಕೈಯಾಡಿಸಿದ.